ದೂರದ ಕಂಪ್ಯೂಟರನ್ನು ಕುಳಿತಲ್ಲಿಂದಲೇ ಸರಿಪಡಿಸುವವರಿಗೆ

ಶಾಖೆಯಿಂದ ಫೋನ್ ಬರುತ್ತದೆ: “ಸರ್, ಸಿಸ್ಟಂ ಓಪನ್ ಆಗುತ್ತಿಲ್ಲ.” ಈ ಮಾತು ಕೇಳಿದ ಕೂಡಲೇ ಹೆಲ್ಪ್‌ಡೆಸ್ಕ್‌ನವರ ಮನಸ್ಸಿನಲ್ಲಿ ನಾಲ್ಕಾರು ಸಾಧ್ಯತೆಗಳು ಒಟ್ಟಿಗೇ ಹೊಳೆಯಬೇಕು. ಯುಪಿಎಸ್ ಕೆಟ್ಟಿರಬಹುದು, ಮಾನಿಟರಿನ ಕೇಬಲ್ ಸಡಿಲಗೊಂಡಿರಬಹುದು, ವಿಂಡೋಸ್ ಪಾಸ್‌ವರ್ಡ್ ಒಪ್ಪದಿರಬಹುದು, ಇಂಟರ್ನೆಟ್ ಹೋಗಿರಬಹುದು, ಅಥವಾ ಎಲ್ಲವೂ ಸರಿಯಿದ್ದು ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ಮಾತ್ರ ತೆರೆಯದಿರಬಹುದು. ಫೋನ್ ಮಾಡಿದವರನ್ನು ದೂರಿ ಪ್ರಯೋಜನವಿಲ್ಲ. ಸಾಲದ ಖಾತೆ ನೋಡಿಕೊಳ್ಳುವುದು, ಹಾಜರಾತಿ ತುಂಬುವುದು ಅವರ ಕೆಲಸ; ಕಂಪ್ಯೂಟರಿಗೆ ಏನಾಗಿದೆ ಎಂದು ಕಂಡುಹಿಡಿಯುವುದು ನಮ್ಮ ಕೆಲಸ. ಅವರ ಪರದೆ ನಮ್ಮ ಕಣ್ಣಿಗೆ ಬಿದ್ದರೆ ಅರ್ಧ ಗಂಟೆಯ ಪ್ರಶ್ನೋತ್ತರ ಎರಡು ನಿಮಿಷಕ್ಕೆ ಇಳಿಯುತ್ತದೆ.

ಸಹಕಾರ ಸಂಘ, ಕಾಲೇಜು, ತೆರಿಗೆ ಸಲಹೆಗಾರರ ಕಚೇರಿ, ಊರಿನ ಆಸ್ಪತ್ರೆ ಇಂಥ ಕಡೆ ಒಬ್ಬರೋ ಇಬ್ಬರೋ ಸೇರಿ ನಡೆಸುವ ಹೆಲ್ಪ್‌ಡೆಸ್ಕ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೊರದೇಶದಲ್ಲಿ ಕುಳಿತು ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಇರುವ ತಂದೆ ತಾಯಿಯ ಲ್ಯಾಪ್‌ಟಾಪ್ ಸರಿಪಡಿಸುವ ಮಕ್ಕಳಿಗೂ ಹೆಚ್ಚಿನ ಭಾಗ ಅನ್ವಯಿಸುತ್ತದೆ. ಹೆಜ್ಜೆಗಳೆಲ್ಲ ವಿಂಡೋಸ್‌ಗೆ ಸಂಬಂಧಿಸಿದವು, ಏಕೆಂದರೆ ನಮ್ಮ ಕಚೇರಿಗಳಲ್ಲಿ ಹೆಚ್ಚಾಗಿ ಇರುವುದು ಅದೇ.

ಒಂದು ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಹೆಜ್ಜೆಗಳೆಲ್ಲ ಅದರಿಂದಲೇ ಹುಟ್ಟಿದವು. ಕಂಪ್ಯೂಟರಿನ ಮುಂದೆ ಕುಳಿತವರಿಗೆ ನಮ್ಮ ಪ್ರತಿಯೊಂದು ಚಲನೆಯೂ ಕಾಣುತ್ತಿರಬೇಕು. ಬೇಡವೆನಿಸಿದ ಕ್ಷಣದಲ್ಲಿ ನಮ್ಮನ್ನು ಹೊರಗೆ ಕಳುಹಿಸುವ ಅಧಿಕಾರ ಅವರ ಕೈಯಲ್ಲೇ ಇರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ನಾವು ಮಾಡುತ್ತಿರುವುದಕ್ಕೂ ವಂಚಕರು ಮಾಡುವುದಕ್ಕೂ ಹೊರನೋಟಕ್ಕೆ ವ್ಯತ್ಯಾಸ ಉಳಿಯುವುದಿಲ್ಲ.

ಯಾವ ಸಾಧನ ಬಳಸಬೇಕು

ಜನ ಎಲ್ಲವನ್ನೂ ‘ರಿಮೋಟ್’ ಎಂದೇ ಕರೆದರೂ ಒಳಗೆ ಎರಡು ಬೇರೆ ಬೇರೆ ವಿಧಾನಗಳಿವೆ. ಮೊದಲನೆಯದರಲ್ಲಿ ಅಲ್ಲಿ ತೆರೆದಿರುವ ಪರದೆಯೇ ನಮಗೂ ಕಾಣುತ್ತದೆ. ಇಬ್ಬರೂ ಒಂದೇ ಕರ್ಸರ್ ನೋಡುತ್ತೇವೆ. ವಿಂಡೋಸ್‌ನ ಕ್ವಿಕ್ ಅಸಿಸ್ಟ್, ಎನಿಡೆಸ್ಕ್, ಟೀಮ್‌ವ್ಯೂವರ್, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್, ರಸ್ಟ್‌ಡೆಸ್ಕ್ ಎಲ್ಲವೂ ಈ ಗುಂಪಿನವು. ಎರಡನೆಯದು ವಿಂಡೋಸ್‌ನದೇ ಆದ ರಿಮೋಟ್ ಡೆಸ್ಕ್‌ಟಾಪ್, ಅಂದರೆ ಆರ್‌ಡಿಪಿ. ಅದರಲ್ಲಿ ನಾವು ಒಳಗೆ ಹೋದ ತಕ್ಷಣ ಅಲ್ಲಿನ ಪರದೆ ಲಾಕ್ ಆಗುತ್ತದೆ. ಮುಂದೆ ಕುಳಿತವರಿಗೆ ಏನೂ ಕಾಣುವುದಿಲ್ಲ. ಸರ್ವರ್ ನೋಡಿಕೊಳ್ಳಲು, ಮನೆಯಿಂದ ಕಚೇರಿಯ ತಮ್ಮದೇ ಕಂಪ್ಯೂಟರ್ ಬಳಸಲು ಆರ್‌ಡಿಪಿ ಬಹಳ ಒಳ್ಳೆಯದು. ಇನ್ನೊಬ್ಬರಿಗೆ ಸಹಾಯ ಮಾಡಲು ಮಾತ್ರ ಅದು ತಕ್ಕುದಲ್ಲ. ಅಲ್ಲದೆ ವಿಂಡೋಸ್ ಹೋಮ್ ಆವೃತ್ತಿಯ ಕಂಪ್ಯೂಟರಿಗೆ ಆರ್‌ಡಿಪಿ ಮೂಲಕ ಪ್ರವೇಶಿಸಲು ಬರುವುದೂ ಇಲ್ಲ. ಪ್ರೊ ಅಥವಾ ಅದಕ್ಕಿಂತ ಮೇಲಿನ ಆವೃತ್ತಿ ಬೇಕು.

ಆರ್‌ಡಿಪಿ ಬಗ್ಗೆ ಇನ್ನೊಂದು ಮಾತು, ಇದನ್ನು ಒತ್ತಿ ಹೇಳಬೇಕು. ಅದು ಕೆಲಸ ಮಾಡುವುದು 3389 ಎಂಬ ಪೋರ್ಟ್‌ನಲ್ಲಿ, ಅಂದರೆ ನೆಟ್‌ವರ್ಕ್‌ನಿಂದ ಕಂಪ್ಯೂಟರಿಗೆ ಬರುವ ಸಂಖ್ಯೆ ಹಾಕಿದ ಬಾಗಿಲಿನಲ್ಲಿ. “ಅನುಕೂಲವಾಗುತ್ತದೆ” ಎಂದು ರೌಟರ್‌ನಲ್ಲಿ ಆ ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಡುವ ಕಚೇರಿಗಳು ಈಗಲೂ ಇವೆ. ಹಾಗೆ ತೆರೆದಿಟ್ಟ ಯಂತ್ರವನ್ನು ಹುಡುಕುವ ತಂತ್ರಾಂಶಗಳು ಹಗಲು ರಾತ್ರಿ ಇಂಟರ್ನೆಟ್ಟನ್ನು ಜಾಲಾಡುತ್ತಿರುತ್ತವೆ. 2019ರ ಮೇ ತಿಂಗಳಲ್ಲಿ ‘ಬ್ಲೂಕೀಪ್’ ಎಂಬ ದೋಷ ಬೆಳಕಿಗೆ ಬಂದಾಗ ಮೈಕ್ರೋಸಾಫ್ಟ್, 2014ರಲ್ಲೇ ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಪರಿಹಾರ ಬಿಡುಗಡೆ ಮಾಡಿತು. ಅಪಾಯ ಅಷ್ಟು ದೊಡ್ಡದಿತ್ತು. ಆರ್‌ಡಿಪಿ ಬೇಕೇ ಬೇಕೆಂದರೆ ಮೊದಲು ವಿಪಿಎನ್ (ಕಚೇರಿಯ ಜಾಲಕ್ಕೆ ಹೋಗುವ ರಕ್ಷಿತ ಖಾಸಗಿ ದಾರಿ), ಅದರೊಳಗೆ ಆರ್‌ಡಿಪಿ.

ಉಳಿದವುಗಳಲ್ಲಿ ನನ್ನ ಮೊದಲ ಆಯ್ಕೆ ಕ್ವಿಕ್ ಅಸಿಸ್ಟ್. ವಿಂಡೋಸ್ 10 ಮತ್ತು 11ರ ಜೊತೆಗೇ ಬರುತ್ತದೆ, ಹಣ ಕೊಡಬೇಕಿಲ್ಲ, ಸಹಾಯ ಪಡೆಯುವವರಿಗೆ ಖಾತೆಯೂ ಬೇಡ. ಕಾಣಿಸದಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಹಾಕಿಕೊಳ್ಳಬಹುದು. ಟೀಮ್‌ವ್ಯೂವರ್ ಮತ್ತು ಎನಿಡೆಸ್ಕ್ ವೇಗವಾಗಿವೆ, ಸೌಲಭ್ಯವೂ ಹೆಚ್ಚು, ಆದರೆ ಅವುಗಳ ಉಚಿತ ಆವೃತ್ತಿ ಸ್ವಂತ ಬಳಕೆಗೆ ಮಾತ್ರ. ಕಚೇರಿ ಕೆಲಸಕ್ಕೆ ಉಚಿತ ಆವೃತ್ತಿ ಬಳಸಿದರೆ ಅದು ಪರವಾನಗಿಯ ಉಲ್ಲಂಘನೆ. ಕೆಲಸದ ನಡುವೆ ಸಂಪರ್ಕ ಕಡಿದುಹೋಗುವುದೂ ಉಂಟು. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ 12 ಅಂಕಿಯ ಒಂದು ಸಲದ ಸಂಕೇತ ಕೊಡುತ್ತದೆ, 5 ನಿಮಿಷ ಚಾಲ್ತಿಯಲ್ಲಿರುತ್ತದೆ. ಪ್ರತಿ ಅರ್ಧ ಗಂಟೆಗೊಮ್ಮೆ “ಮುಂದುವರಿಸಬೇಕೇ” ಎಂದು ಮಾಲೀಕರನ್ನು ಕೇಳುತ್ತದೆ. ಆ ಪ್ರಶ್ನೆ ನನಗೆ ಬಹಳ ಇಷ್ಟ. ಸ್ವಂತ ಸರ್ವರ್ ಇಟ್ಟುಕೊಳ್ಳಬಲ್ಲ ಸಂಸ್ಥೆಗಳು ಮುಕ್ತ ತಂತ್ರಾಂಶಗಳಾದ ರಸ್ಟ್‌ಡೆಸ್ಕ್ ಅಥವಾ ಮೆಶ್‌ಸೆಂಟ್ರಲ್ ನೋಡಬಹುದು.

ಯಾವುದನ್ನೇ ಆರಿಸಿ, ಒಂದನ್ನೇ ಆರಿಸಿ. ಇಂದು ಒಂದು, ನಾಳೆ ಇನ್ನೊಂದು ಎಂದು ಹಾಕಿಸುತ್ತಾ ಹೋದರೆ, ಯಾರು ಯಾವ ತಂತ್ರಾಂಶ ಹಾಕಲು ಹೇಳಿದರೂ ಸಿಬ್ಬಂದಿ ಹಾಕಿಬಿಡುತ್ತಾರೆ. “ನಮ್ಮ ಕಚೇರಿಯಲ್ಲಿ ಇದೊಂದೇ” ಎಂಬುದು ಅಟೆಂಡರ್‌ನಿಂದ ವ್ಯವಸ್ಥಾಪಕರವರೆಗೆ ಎಲ್ಲರಿಗೂ ಗೊತ್ತಿರಲಿ.

ಸಂಪರ್ಕಕ್ಕೆ ಮೊದಲು ಫೋನಿನಲ್ಲೇ ಮುಗಿಸಬೇಕಾದದ್ದು

ಕರೆ ಅವರ ಕಡೆಯಿಂದಲೇ ಬರಬೇಕು. ನಾವೇ ಕರೆ ಮಾಡಬೇಕಾದ ಸಂದರ್ಭದಲ್ಲಿ ದೂರಿನ ಸಂಖ್ಯೆ ಹೇಳಿ, “ಬೇಕಿದ್ದರೆ ಫೋನ್ ಇಟ್ಟು ಕಚೇರಿಯ ಹೆಲ್ಪ್‌ಡೆಸ್ಕ್ ಸಂಖ್ಯೆಗೆ ನೀವೇ ಕರೆ ಮಾಡಿ ಮೇಡಂ, ನಾನು ಕಾಯುತ್ತೇನೆ” ಎಂದು ನಾವಾಗಿಯೇ ಹೇಳಬೇಕು. ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ಹೀಗೆ ಪರೀಕ್ಷಿಸುವುದು ಸಹಜವಾದ ಸಂಗತಿ ಎಂದು ಅವರಿಗೆ ಅಭ್ಯಾಸವಾದರೆ ವಂಚಕರ ಕರೆ ಬಂದ ದಿನ ಅದೇ ಅಭ್ಯಾಸ ಅವರನ್ನು ಕಾಯುತ್ತದೆ.

ನಂತರ ಪರದೆಯ ಮೂಲೆಯಲ್ಲಿರುವ ದಿನಾಂಕ ಓದಲು ಹೇಳಿ. ಇದು ಚಿಕ್ಕ ವಿಷಯದಂತೆ ಕಾಣುತ್ತದೆ, ಆದರೆ ಹಳೆಯ ಕಂಪ್ಯೂಟರುಗಳ ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ವಿದ್ಯುತ್ ಹೋಗಿ ಬಂದಾಗಲೂ ದಿನಾಂಕ ಹಿಂದಕ್ಕೆ ಹೋಗಿಬಿಡುತ್ತದೆ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳನ್ನು ವಿಂಡೋಸ್ ನಂಬುವುದಿಲ್ಲ. ಜಾಲತಾಣಗಳೂ ತೆರೆಯುವುದಿಲ್ಲ, ರಿಮೋಟ್ ತಂತ್ರಾಂಶವೂ ಕೂಡಿಕೊಳ್ಳುವುದಿಲ್ಲ. “ಏನೂ ಓಪನ್ ಆಗುತ್ತಿಲ್ಲ” ಎಂಬ ದೂರು ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ. ದಿನಾಂಕ ಸರಿಪಡಿಸಿದ ಮೇಲೆ ಬ್ಯಾಟರಿ ಬದಲಿಸಲು ಒಂದು ಟಿಪ್ಪಣಿ ಹಾಕಿಕೊಳ್ಳಿ.

ಇಂಟರ್ನೆಟ್ಟೇ ಇಲ್ಲದಿದ್ದರೆ ರಿಮೋಟ್ ಸಾಧ್ಯವಿಲ್ಲ. ಮೊಬೈಲನ್ನು ಚಾರ್ಜಿಂಗ್ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ ಯುಎಸ್‌ಬಿ ಟೆಥರಿಂಗ್, ಅಂದರೆ ಮೊಬೈಲಿನ ಇಂಟರ್ನೆಟ್ಟನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಕೊಡುವ ಸೌಲಭ್ಯ, ಆನ್ ಮಾಡಿಸಿ. ವೈಫೈ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಕೆಟ್ಟಿದ್ದರೂ ಈ ದಾರಿ ಬಹುಮಟ್ಟಿಗೆ ಕೆಲಸ ಮಾಡುತ್ತದೆ. ಆ ಮೂಲಕ ಒಳಗೆ ಹೋಗಿ ಡ್ರೈವರನ್ನೇ ಸರಿಪಡಿಸಬಹುದು.

ಕೊನೆಯದಾಗಿ, ತೆರೆದಿರುವ ಸ್ವಂತ ವಿಷಯಗಳನ್ನು ಮುಚ್ಚಲು ಸಮಯ ಕೊಡಿ. “ವಾಟ್ಸ್‌ಆ್ಯಪ್, ಬ್ಯಾಂಕ್ ಪುಟ, ಮನೆಯ ಫೋಟೋ ಏನಾದರೂ ತೆರೆದಿದ್ದರೆ ಮುಚ್ಚಿಬಿಡಿ ಸರ್, ಮುಗಿದ ಮೇಲೆ ಹೇಳಿ” ಎಂದು ಹೇಳಿ ಸುಮ್ಮನಿರಿ. ಆಸ್ಪತ್ರೆಯಾದರೆ ರೋಗಿಯ ಕಡತ, ಕಾಲೇಜಾದರೆ ಅಂಕಪಟ್ಟಿ, ಅವೂ ನಮ್ಮ ಕಣ್ಣಿಗೆ ಬೀಳಬೇಕಾದವಲ್ಲ. ಮಾಡುತ್ತಿದ್ದ ಕೆಲಸವನ್ನು ಸೇವ್ ಮಾಡಿಸುವುದನ್ನೂ ಮರೆಯಬೇಡಿ.

ಕ್ವಿಕ್ ಅಸಿಸ್ಟ್: ಹೆಜ್ಜೆ ಹೆಜ್ಜೆಯಾಗಿ

1. ಇಬ್ಬರೂ ಕೀಬೋರ್ಡಿನಲ್ಲಿ ಕಂಟ್ರೋಲ್, ವಿಂಡೋಸ್, ಕ್ಯೂ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ‘ವಿಂಡೋಸ್ ಕೀ’ ಎಂದರೆ ಎಷ್ಟೋ ಜನರಿಗೆ ತಿಳಿಯುವುದಿಲ್ಲ. “ಕೆಳಗಿನ ಸಾಲಿನಲ್ಲಿ, ಎಡಗಡೆ, ನಾಲ್ಕು ಚೌಕದ ಗುರುತಿರುವ ಕೀ” ಎಂದರೆ ಸಿಗುತ್ತದೆ.

2. ನಿಮ್ಮ ಕಡೆ ‘ಹೆಲ್ಪ್ ಸಮ್‌ಒನ್’ ಆರಿಸಿ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ. ಇದಕ್ಕೆ ಹೆಲ್ಪ್‌ಡೆಸ್ಕ್‌ನ ಪ್ರತ್ಯೇಕ ಖಾತೆ ಇರಲಿ, ನಿಮ್ಮ ಸ್ವಂತದ್ದು ಬೇಡ.

3. ಆರು ಅಕ್ಷರಗಳ ಸಂಕೇತ ಬರುತ್ತದೆ. 10 ನಿಮಿಷದೊಳಗೆ ಅದನ್ನು ಅವರು ತಮ್ಮ ಪರದೆಯ ಪೆಟ್ಟಿಗೆಯಲ್ಲಿ ತುಂಬಬೇಕು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಫೋನಿನಲ್ಲಿ ಬಿ, ಡಿ, ಪಿ, ಟಿ ಎಲ್ಲವೂ ಒಂದೇ ಥರ ಕೇಳಿಸುತ್ತವೆ. ಎಂ ಮತ್ತು ಎನ್ ಕೂಡ ಹಾಗೆಯೇ. “ಬೆಂಗಳೂರಿನ ಬಿ, ಧಾರವಾಡದ ಡಿ, ಪುತ್ತೂರಿನ ಪಿ, ತುಮಕೂರಿನ ಟಿ, ಮೈಸೂರಿನ ಎಂ, ನಂಜನಗೂಡಿನ ಎನ್” ಎಂದು ಊರಿನ ಹೆಸರಿನಿಂದ ಹೇಳಿದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಒಂದು ಅಕ್ಷರ ಹೇಳಿ, ಅವರು “ಹೂಂ” ಎಂದ ಮೇಲೆ ಮುಂದಿನದಕ್ಕೆ ಹೋಗಿ. ಪಟಪಟನೆ ಆರೂ ಅಕ್ಷರ ಒದರಿ “ಹಾಕಿದಿರಾ?” ಎಂದು ಕೇಳುವವರು ಸಮಯ ಉಳಿಸುತ್ತಿಲ್ಲ, ಕಳೆಯುತ್ತಿದ್ದಾರೆ.

4. ಅವರ ಪರದೆಯಲ್ಲಿ ಎಚ್ಚರಿಕೆಯ ಸಂದೇಶ ಬರುತ್ತದೆ. “ಒಪ್ಪಿಗೆ ಕೊಡಿ, ಏನೂ ಆಗುವುದಿಲ್ಲ” ಎಂದು ದಾಟಿಸಬೇಡಿ. “ನಾನು ನಿಮ್ಮ ಪರದೆ ನೋಡಲು ಅನುಮತಿ ಕೇಳುತ್ತಿದೆ. ಒಪ್ಪಿಗೆಯಿದ್ದರೆ ಗುರುತು ಹಾಕಿ ಅಲೋ ಒತ್ತಿ” ಎಂದು ಅದರ ಅರ್ಥ ಹೇಳಿ.

5. ಮೊದಲಿಗೆ ನಿಮಗೆ ಪರದೆ ಕಾಣುತ್ತದೆ, ಮೌಸ್ ಸಿಗುವುದಿಲ್ಲ. ಬಹಳಷ್ಟು ಸಮಸ್ಯೆಗಳಿಗೆ ಇಷ್ಟೇ ಸಾಕು. ನೀವು ತೋರಿಸಿ, ಅವರೇ ಒತ್ತಲಿ. ಕ್ವಿಕ್ ಅಸಿಸ್ಟ್‌ನಲ್ಲಿ ಪರದೆಯ ಮೇಲೆ ಗೆರೆ ಎಳೆದು ತೋರಿಸುವ ಸೌಲಭ್ಯವೂ ಇದೆ. ಮುಂದಿನ ಸಲ ಅದೇ ತೊಂದರೆಗೆ ಅವರು ಕರೆ ಮಾಡುವುದಿಲ್ಲ.

6. ನಿಯಂತ್ರಣ ಬೇಕಾದರೆ ‘ರಿಕ್ವೆಸ್ಟ್ ಕಂಟ್ರೋಲ್’ ಒತ್ತಿ. ಅವರು ಮತ್ತೊಮ್ಮೆ ಒಪ್ಪಬೇಕು. ಮೌಸ್ ಹಿಡಿದ ಕೂಡಲೇ ಹೇಳಿ: “ಈಗ ಮೌಸ್ ನಾನು ಆಡಿಸುತ್ತಿದ್ದೇನೆ, ಸ್ವಲ್ಪ ಹೊತ್ತು ನೀವು ಮುಟ್ಟಬೇಡಿ. ಬೇಡ ಅನಿಸಿದರೆ ಮೇಲಿರುವ ಪಟ್ಟಿಯಲ್ಲಿ ಲೀವ್ ಒತ್ತಿ, ನಾನು ಹೊರಗೆ ಹೋಗುತ್ತೇನೆ.” ಆ ಗುಂಡಿ ಎಲ್ಲಿದೆ ಎಂಬುದನ್ನು ಕೆಲಸ ಶುರು ಮಾಡುವ ಮೊದಲೇ ತೋರಿಸಿ.

ಕೆಲಸ ಮಾಡುತ್ತಿರುವಷ್ಟು ಹೊತ್ತೂ ಮಾತಾಡುತ್ತಿರಿ. ಯಾರೋ ದೂರದಿಂದ ತಮ್ಮ ಪರದೆಯಲ್ಲಿ ವಿಂಡೋಗಳನ್ನು ತೆರೆದು ಮುಚ್ಚುತ್ತಿದ್ದರೆ, ಒಂದು ಮಾತೂ ಕೇಳಿಸದಿದ್ದರೆ, ಯಾರಿಗಾದರೂ ದಿಗಿಲಾಗುತ್ತದೆ. “ಈಗ ಸರ್ವೀಸಸ್ ತೆರೆಯುತ್ತಿದ್ದೇನೆ, ಪ್ರಿಂಟರಿನ ಸರದಿ ನೋಡಿಕೊಳ್ಳುವ ಭಾಗ ಇದು” ಎಂಬಷ್ಟು ಸಾಕು.

ಪರದೆ ಏಕಾಏಕಿ ಕಪ್ಪಾದರೆ

ಏನನ್ನೋ ಇನ್‌ಸ್ಟಾಲ್ ಮಾಡಲು ಹೋಗುತ್ತೀರಿ, ನಿಮ್ಮ ಪರದೆ ಕಪ್ಪಾಗುತ್ತದೆ. ಸಂಪರ್ಕ ಕಡಿದಿಲ್ಲ. “ಈ ತಂತ್ರಾಂಶಕ್ಕೆ ಬದಲಾವಣೆ ಮಾಡಲು ಬಿಡಬೇಕೇ” ಎಂಬ ವಿಂಡೋಸ್‌ನ ಪ್ರಶ್ನೆ ಅಲ್ಲಿ ಬಂದಿದೆ. ಆ ಪ್ರಶ್ನೆಯನ್ನು ವಿಂಡೋಸ್ ಬೇರೆಯೇ ಆದ, ರಕ್ಷಿತ ಪರದೆಯಲ್ಲಿ ತೋರಿಸುತ್ತದೆ. ಬೇರೆ ತಂತ್ರಾಂಶಗಳು ಅದನ್ನು ನೋಡಿ ತಾವೇ ‘ಹೌದು’ ಒತ್ತಬಾರದು ಎಂಬ ಉದ್ದೇಶದಿಂದ. ಹಾಗಾಗಿ ಕ್ವಿಕ್ ಅಸಿಸ್ಟ್‌ಗೂ ಅದು ಕಾಣುವುದಿಲ್ಲ. ಅಲ್ಲಿ ಕುಳಿತವರು ಉತ್ತರ ಕೊಟ್ಟ ಮೇಲೆ ನಿಮ್ಮ ಪರದೆ ಮರಳುತ್ತದೆ. ಇದು ದೋಷವೆಂದು ತಿಳಿದು ರಕ್ಷಿತ ಪರದೆಯನ್ನೇ ಆಫ್ ಮಾಡಿಬಿಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಸಂಪರ್ಕಕ್ಕೆ ಮೊದಲೇ “ನಡುವೆ ಒಂದು ಪ್ರಶ್ನೆ ಬರುತ್ತದೆ, ಬಂದಾಗ ನನಗೆ ಓದಿ ಹೇಳಿ” ಎಂದು ತಿಳಿಸಿದ್ದರೆ ಮುಗಿಯಿತು.

ಆ ಪ್ರಶ್ನೆಗೆ ಅಡ್ಮಿನ್ (ಯಂತ್ರದ ಪೂರ್ತಿ ಅಧಿಕಾರವಿರುವ ಖಾತೆ) ಪಾಸ್‌ವರ್ಡ್ ಬೇಕಾದಾಗ ತೊಡಕು ಶುರುವಾಗುತ್ತದೆ. ಸಿಬ್ಬಂದಿಗೆ ಅದು ಗೊತ್ತಿರುವುದಿಲ್ಲ, ಗೊತ್ತಿರಲೂ ಬಾರದು. ನಾವು ಫೋನಿನಲ್ಲಿ ಹೇಳಿದರೆ ಎಲ್ಲ ಶಾಖೆಗಳ ಎಲ್ಲ ಯಂತ್ರಗಳ ಬಾಗಿಲು ತೆರೆದಂತೆ, ಏಕೆಂದರೆ ಹೆಚ್ಚಿನ ಕಚೇರಿಗಳಲ್ಲಿ ಎಲ್ಲಕ್ಕೂ ಒಂದೇ ಪಾಸ್‌ವರ್ಡ್. ಇದಕ್ಕೆ ಸರಿಯಾದ ಉತ್ತರ ವಿಂಡೋಸ್ ಲ್ಯಾಪ್ಸ್. 2023ರ ಏಪ್ರಿಲ್ ಅಪ್‌ಡೇಟ್‌ನಿಂದ ಅದು ವಿಂಡೋಸ್‌ನ ಒಳಗೇ ಇದೆ. ಪ್ರತಿ ಯಂತ್ರಕ್ಕೂ ಬೇರೆ ಬೇರೆ ಅಡ್ಮಿನ್ ಪಾಸ್‌ವರ್ಡ್ ಇಟ್ಟು, ಬಳಸಿದ ನಂತರ ತಾನಾಗಿಯೇ ಬದಲಿಸುತ್ತದೆ. ಎಲ್ಲ ಯಂತ್ರ ಮತ್ತು ಖಾತೆಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಡೊಮೈನ್ ಅಥವಾ ಮೈಕ್ರೋಸಾಫ್ಟ್ ಎಂಟ್ರಾ ವ್ಯವಸ್ಥೆ ಇರುವ ಸಂಸ್ಥೆಗಳು ಇದನ್ನು ಇನ್ನೂ ಬಳಸದಿದ್ದರೆ ಮೊದಲು ಮಾಡಬೇಕಾದ ಕೆಲಸ ಇದೇ. ಅಂಥ ವ್ಯವಸ್ಥೆಯಿಲ್ಲದ ಚಿಕ್ಕ ಕಚೇರಿಯಲ್ಲಿ ಕನಿಷ್ಠ ಪ್ರತಿ ಯಂತ್ರಕ್ಕೂ ಬೇರೆ ಪಾಸ್‌ವರ್ಡ್ ಇಟ್ಟು, ಹೇಳಿದ ದಿನವೇ ಬದಲಿಸಿ.

ಒಂದು ಪೂರ್ತಿ ಉದಾಹರಣೆ: ಸಿಕ್ಕಿಕೊಂಡ ಪ್ರಿಂಟರ್

ತಿಂಗಳ ಕೊನೆ, ಸಂಬಳದ ಪಟ್ಟಿ ಪ್ರಿಂಟ್ ಆಗಬೇಕು. ಕಳುಹಿಸಿದ್ದು ಸರದಿಯಲ್ಲಿ ನಿಂತಿದೆ, ಡಿಲೀಟ್ ಮಾಡಿದರೆ ‘ಡಿಲೀಟಿಂಗ್’ ಎಂದು ತೋರಿಸುತ್ತಾ ಅಲ್ಲೇ ಉಳಿದಿದೆ. ಗಾಬರಿಯಲ್ಲಿ ಅದೇ ಪಟ್ಟಿಯನ್ನು ಇನ್ನೂ ನಾಲ್ಕು ಸಲ ಕಳುಹಿಸಿರುತ್ತಾರೆ.

ಮೊದಲು ಪ್ರಿಂಟರನ್ನು ಆಫ್ ಮಾಡಿಸಿ. ಈ ಕೆಲಸ ಅವರದೇ, ನಮ್ಮ ಕೈ ಅಲ್ಲಿಗೆ ಎಟುಕುವುದಿಲ್ಲ. ಸಂಪರ್ಕ ಪಡೆದು ನಿಯಂತ್ರಣ ಕೇಳಿ. ವಿಂಡೋಸ್ ಹುಡುಕಾಟದಲ್ಲಿ ‘ಸರ್ವೀಸಸ್’ ಎಂದು ಬರೆದು ಅದನ್ನು ಅಡ್ಮಿನ್ ಆಗಿ ತೆರೆಯಿರಿ. ಇಲ್ಲಿ ಪರದೆ ಕಪ್ಪಾಗುತ್ತದೆ, ಅವರು ಉತ್ತರಿಸುತ್ತಾರೆ. ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಹುಡುಕಿ ‘ಸ್ಟಾಪ್’ ಒತ್ತಿ. ಸ್ಪೂಲರ್ ನಿಲ್ಲದೆ ಮುಂದಿನ ಹೆಜ್ಜೆ ಆಗುವುದಿಲ್ಲ, ಕಡತಗಳು ಬಳಕೆಯಲ್ಲಿವೆ ಎನ್ನುತ್ತದೆ. ಈಗ ಸಿ ಡ್ರೈವ್, ಅದರೊಳಗೆ ವಿಂಡೋಸ್, ಸಿಸ್ಟಮ್32, ಸ್ಪೂಲ್, ಕೊನೆಗೆ ಪ್ರಿಂಟರ್ಸ್ ಎಂಬ ಫೋಲ್ಡರ್. ಅದನ್ನು ತೆರೆಯಲು ಮತ್ತೊಮ್ಮೆ ಅನುಮತಿ ಕೇಳುತ್ತದೆ. ಒಳಗಿರುವ ಕಡತಗಳನ್ನು ಮಾತ್ರ ಅಳಿಸಿ, ಫೋಲ್ಡರನ್ನಲ್ಲ. ಅಳಿಸುವ ಮೊದಲು ಕೇಳಿ: “ಸರದಿಯಲ್ಲಿರುವುದೆಲ್ಲ ಹೋಗುತ್ತದೆ ಮೇಡಂ, ಬೇರೆ ಯಾರದಾದರೂ ಪ್ರಿಂಟ್ ಬಾಕಿ ಇದೆಯೇ?” ಮರಳಿ ಸರ್ವೀಸಸ್‌ಗೆ ಹೋಗಿ ಸ್ಪೂಲರ್ ‘ಸ್ಟಾರ್ಟ್’ ಮಾಡಿ. ಪ್ರಿಂಟರ್ ಆನ್ ಮಾಡಿಸಿ. ಒಂದೇ ಒಂದು ಪುಟ ಕಳುಹಿಸಿ. ಕಾಗದ ಹೊರಗೆ ಬಂತೆಂದು ಅವರ ಬಾಯಿಂದ ಕೇಳಿದ ಮೇಲಷ್ಟೇ ದೂರು ಮುಗಿಯಿತು ಎಂದು ಬರೆಯಿರಿ.

ನಮ್ಮ ಕಡೆಯದೇ ಆದ ಇನ್ನೊಂದು ತೊಂದರೆ ಕನ್ನಡ ಟೈಪಿಂಗ್. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬರೆದ ಕಡತ ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಚಿತ್ರವಿಚಿತ್ರ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತದೆ. “ಕಡತ ಹಾಳಾಗಿದೆ, ವೈರಸ್ ಬಂದಿದೆ” ಎಂದು ಫೋನ್ ಬರುತ್ತದೆ. ಕಡತಕ್ಕೆ ಏನೂ ಆಗಿರುವುದಿಲ್ಲ. ಫಾಂಟ್ ಹಾಕಿದರೆ ಸಾಕು, ಶಾಶ್ವತ ಪರಿಹಾರ ಬೇಕಾದರೆ ಯುನಿಕೋಡ್‌ಗೆ ಪರಿವರ್ತಿಸಬೇಕು. ರಿಮೋಟ್‌ನಲ್ಲಿರುವಾಗ ನಿಮ್ಮ ಕಡೆಯ ಕೀಬೋರ್ಡ್ ಇಂಗ್ಲಿಷ್‌ನಲ್ಲೇ ಇರಲಿ. ಎರಡೂ ಕಡೆ ಕನ್ನಡ ಆನ್ ಆಗಿದ್ದರೆ ಒತ್ತಿದ್ದೊಂದು, ಮೂಡುವುದೊಂದು. ಸರಿಯಾದ ಪಾಸ್‌ವರ್ಡನ್ನೇ ಹಾಕಿದರೂ ತಪ್ಪು ಎಂದು ಬರುತ್ತಿದ್ದರೆ ಮೊದಲು ಅಲ್ಲಿ ಕನ್ನಡ ಕೀಬೋರ್ಡ್ ಆನ್ ಆಗಿದೆಯೇ ನೋಡಿ.

ರಿಮೋಟ್‌ನಲ್ಲಿ ಮಾಡಬಾರದ ಕೆಲಸಗಳು

ನೆಟ್‌ವರ್ಕ್ ಅಡಾಪ್ಟರ್ ಡಿಸೇಬಲ್ ಮಾಡುವುದು, ಐಪಿ ವಿಳಾಸ ಬದಲಿಸುವುದು, ಫೈರ್‌ವಾಲ್ ನಿಯಮ ಅಳಿಸುವುದು, ಇವೆಲ್ಲ ಕುಳಿತ ಕೊಂಬೆಯನ್ನೇ ಕಡಿದಂತೆ. ಒಂದು ಕ್ಲಿಕ್, ನೀವು ಹೊರಗೆ. ಮರಳಿ ಒಳಗೆ ಹೋಗಲು ದಾರಿಯಿಲ್ಲ, ಅಲ್ಲಿರುವವರಿಗೆ ಸರಿಪಡಿಸಲು ಗೊತ್ತಿಲ್ಲ. ಮಾಡಲೇಬೇಕಾದರೆ ಮೊದಲು ಮೊಬೈಲ್ ಟೆಥರಿಂಗ್‌ನಂಥ ಎರಡನೆಯ ಸಂಪರ್ಕ ಸಿದ್ಧಪಡಿಸಿ, ಹಳೆಯ ಸೆಟ್ಟಿಂಗ್‌ಗಳನ್ನು ಅವರ ಕೈಯಿಂದ ಕಾಗದದ ಮೇಲೆ ಬರೆಸಿ, ಫೋನ್ ಕರೆ ಕಡಿಯದಂತೆ ನೋಡಿಕೊಳ್ಳಿ.

ಬಯಾಸ್ (ವಿಂಡೋಸ್‌ಗಿಂತ ಮೊದಲು ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್, ಬೂಟ್ ಸೆಟ್ಟಿಂಗ್ ಬದಲಾವಣೆ ಇದಕ್ಕಿಂತ ಅಪಾಯಕಾರಿ. ಯಂತ್ರದಲ್ಲಿ ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ಬಿಟ್‌ಲಾಕರ್ ಆನ್ ಆಗಿದ್ದರೆ ಮುಂದಿನ ಸಲ ಆನ್ ಮಾಡಿದಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದು. ವಿಂಡೋಸ್ ಶುರುವಾಗುವ ಮೊದಲೇ ಕೇಳುವುದರಿಂದ ರಿಮೋಟ್ ಅಲ್ಲಿ ಕೆಲಸಕ್ಕೆ ಬಾರದು. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆಯೇ ಈ ಗೂಢಲಿಪೀಕರಣ ಆನ್ ಆಗಿರುತ್ತದೆ. ಆ ಕೀ ಎಲ್ಲಿದೆ ಎಂದು ಖಚಿತವಾಗುವವರೆಗೆ ಬಯಾಸ್ ಮುಟ್ಟಬೇಡಿ. ಹಾರ್ಡ್ ಡಿಸ್ಕ್ ಸದ್ದು ಮಾಡುತ್ತಿದ್ದರೆ, ಯಂತ್ರ ಸುಟ್ಟ ವಾಸನೆ ಬರುತ್ತಿದ್ದರೆ ರಿಮೋಟ್ ಪ್ರಯತ್ನವೇ ಬೇಡ. ಆಫ್ ಮಾಡಿಸಿ, ಜನ ಕಳುಹಿಸಿ.

ಡಿಜಿಟಲ್ ಸಹಿಯ ಟೋಕನ್ (ಸಹಿಯ ಕೀಲಿ ಇರುವ, ಪೆನ್‌ಡ್ರೈವ್‌ನಂಥ ಸಾಧನ) ವಿಷಯದಲ್ಲಿ ತೆರಿಗೆ ಮತ್ತು ಟೆಂಡರ್ ಕೆಲಸ ಮಾಡುವ ಕಚೇರಿಗಳು ಪದೇ ಪದೇ ಎಡವುತ್ತವೆ. ಆರ್‌ಡಿಪಿಯಲ್ಲಿ ಒಳಗೆ ಹೋದರೆ, ಆ ಯಂತ್ರಕ್ಕೆ ಚುಚ್ಚಿರುವ ಟೋಕನ್ ಕಾಣುವುದಿಲ್ಲ. ಟೋಕನ್ ವಿಂಡೋಸ್‌ಗೆ ಒಂದು ಸ್ಮಾರ್ಟ್‌ಕಾರ್ಡ್‌ನಂತೆ; ಆರ್‌ಡಿಪಿ ಸ್ಮಾರ್ಟ್‌ಕಾರ್ಡ್‌ಗಳನ್ನು ನಾವು ಕುಳಿತಿರುವ ಕಡೆಯಿಂದ ಹುಡುಕುತ್ತದೆ, ಅದು ಅದರ ವಿನ್ಯಾಸ. ಟೋಕನ್ ಕೆಟ್ಟಿದೆಯೆಂದು ಡ್ರೈವರ್ ತೆಗೆದು ಹಾಕುತ್ತಾ ಕೂರುವ ಬದಲು ಕ್ವಿಕ್ ಅಸಿಸ್ಟ್‌ನಂಥ ಪರದೆ ಹಂಚಿಕೊಳ್ಳುವ ಸಾಧನ ಬಳಸಿ. ಟೋಕನ್ ತಾನಾಗಿ ಕಾಣುತ್ತದೆ. ಪಿನ್ ಮಾತ್ರ ಮಾಲೀಕರೇ ಒತ್ತಬೇಕು. ಆ ಸಹಿಗೆ ಕಾನೂನಿನ ಮಾನ್ಯತೆಯಿದೆ, ಅವರ ಹೆಸರಿನಲ್ಲಿ ನಾವು ಸಹಿ ಹಾಕಿದಂತಾಗಬಾರದು. ತಪ್ಪು ಪಿನ್ ಮೇಲಿಂದ ಮೇಲೆ ಹಾಕಿದರೆ ಟೋಕನ್ ಲಾಕ್ ಆಗುತ್ತದೆ ಎಂಬುದೂ ನೆನಪಿರಲಿ.

ಪಾಸ್‌ವರ್ಡ್, ಒಟಿಪಿ, ಯುಪಿಐ ಪಿನ್ ಯಾವುದನ್ನೂ ಕೇಳಬೇಡಿ. ಅವರಾಗಿಯೇ ಹೇಳಲು ಬಂದರೂ “ಹೇಳಬೇಡಿ ಸರ್, ನೀವೇ ಟೈಪ್ ಮಾಡಿ” ಎಂದು ತಡೆಯಿರಿ. ಅವರು ಟೈಪ್ ಮಾಡುವಾಗ ಕ್ವಿಕ್ ಅಸಿಸ್ಟ್‌ನಲ್ಲಿ ‘ಪಾಜ್’ (Pause) ಒತ್ತಿದರೆ ನಮಗೆ ಪರದೆ ಕಾಣದಂತೆ ನಿಲ್ಲಿಸಬಹುದು. ಕ್ಲಿಪ್‌ಬೋರ್ಡ್ ಬಗ್ಗೆಯೂ ಎಚ್ಚರ: ಹಲವು ತಂತ್ರಾಂಶಗಳಲ್ಲಿ ನೀವು ಇಲ್ಲಿ ಕಾಪಿ ಮಾಡಿದ್ದು ಅಲ್ಲಿಗೂ ಹೋಗುತ್ತದೆ. ಬೇರೊಂದು ಶಾಖೆಯ ಪಾಸ್‌ವರ್ಡ್ ಕಾಪಿ ಮಾಡಿದ್ದರೆ, ಅಲ್ಲಿ ಕ್ಲಿಪ್‌ಬೋರ್ಡ್ ಇತಿಹಾಸ ಆನ್ ಆಗಿದ್ದರೆ, ವಿಂಡೋಸ್ ಮತ್ತು ವಿ ಕೀಲಿ ಒತ್ತಿದವರಿಗೆಲ್ಲ ಅದು ಕಾಣುತ್ತದೆ. ಕ್ಲಿಪ್‌ಬೋರ್ಡ್ ಹಂಚಿಕೆಯನ್ನು ಮೊದಲೇ ಆಫ್ ಮಾಡಿಡಿ.

ಸಂಪರ್ಕ ನಿಧಾನವಾದಾಗ, ಮ್ಯಾಕ್ ಬಂದಾಗ

ಪರದೆ ತಡವರಿಸುತ್ತಿದ್ದರೆ ಚಿತ್ರದ ಗುಣಮಟ್ಟ ಇಳಿಸಿ, ವಾಲ್‌ಪೇಪರ್ ತೆಗೆಸಿ, ಅದೇ ಸಂಪರ್ಕದಲ್ಲಿ ಯಾರಾದರೂ ವಿಡಿಯೋ ನೋಡುತ್ತಿದ್ದಾರೆಯೇ ಕೇಳಿ. ಮ್ಯಾಕ್ ಕಂಪ್ಯೂಟರಿನಲ್ಲಿ ಪರದೆ ಕಾಣಲು ‘ಸ್ಕ್ರೀನ್ ರೆಕಾರ್ಡಿಂಗ್’, ಮೌಸ್ ಆಡಲು ‘ಆಕ್ಸೆಸಿಬಿಲಿಟಿ’ ಎಂಬ ಎರಡು ಪ್ರತ್ಯೇಕ ಅನುಮತಿಗಳನ್ನು ಮಾಲೀಕರೇ ಕೊಡಬೇಕು. ಆಂಡ್ರಾಯ್ಡ್ ಮೊಬೈಲ್‌ನಲ್ಲಿ ಬ್ಯಾಂಕಿನ ಆ್ಯಪ್ ತೆರೆದರೆ ಪರದೆ ಕಪ್ಪಾಗುವುದು ಸಹಜ. ಬ್ಯಾಂಕುಗಳು ಬೇಕೆಂದೇ ಹಾಗೆ ಮಾಡಿವೆ.

ಮುಗಿಸುವ ಬಗೆ

ಬಂದ ದಾರಿಯನ್ನು ಮುಚ್ಚಿ ಹೋಗಬೇಕು. ನೀವು ಡೌನ್‌ಲೋಡ್ ಮಾಡಿದ ಕಡತಗಳನ್ನು ಅಳಿಸಿ, ನೀವು ಲಾಗಿನ್ ಆಗಿದ್ದ ಪುಟಗಳಿಂದ ಹೊರಬನ್ನಿ, ಪರೀಕ್ಷೆಗೆಂದು ಆಫ್ ಮಾಡಿದ್ದ ಆಂಟಿವೈರಸ್ ಮತ್ತೆ ಆನ್ ಮಾಡಿ. ಆ ಸಲಕ್ಕೆಂದು ಎನಿಡೆಸ್ಕ್‌ನಂಥದ್ದನ್ನು ಹಾಕಿಸಿದ್ದರೆ ತೆಗೆಯಿರಿ. ಯಾರೂ ಇಲ್ಲದಾಗಲೂ ಒಳಗೆ ಹೋಗಲು ಬಿಡುವ ಶಾಶ್ವತ ಪಾಸ್‌ವರ್ಡ್ ಸೌಲಭ್ಯ ಸರ್ವರ್‌ಗಳಿಗೆ, ಸಂಸ್ಥೆಯ ಲಿಖಿತ ಒಪ್ಪಿಗೆಯಿರುವ ಯಂತ್ರಗಳಿಗೆ ಮಾತ್ರ. ಅಲ್ಲೂ ಎರಡು ಹಂತದ ದೃಢೀಕರಣ ಕಡ್ಡಾಯ. ಒಬ್ಬರು ಕುಳಿತು ಬಳಸುವ ಕಂಪ್ಯೂಟರಿನಲ್ಲಿ ಅದು ಆನ್ ಆಗಿರಲೇಬಾರದು.

ಕೊನೆಯಲ್ಲಿ ಸಂಪರ್ಕವನ್ನು ಅವರ ಕೈಯಿಂದಲೇ ಮುಚ್ಚಿಸಿ. ದೂರಿನ ಪುಸ್ತಕದಲ್ಲಿ ಯಾರು, ಯಾವ ಯಂತ್ರ, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯಿತು, ಏನು ಬದಲಿಸಲಾಯಿತು ಎಂದು ನಾಲ್ಕು ಸಾಲು ಬರೆಯಿರಿ. ಸೈಬರ್ ದಾಳಿಗಳ ವಿಷಯ ನೋಡಿಕೊಳ್ಳುವ ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ವ್ಯವಸ್ಥೆಗಳ ದಾಖಲೆಗಳನ್ನು (ಲಾಗ್) 180 ದಿನ ಉಳಿಸಿಕೊಳ್ಳಬೇಕು. ಆರು ತಿಂಗಳ ನಂತರ “ಅವತ್ತು ನೀವೇ ಏನೋ ಮಾಡಿದಿರಿ” ಎಂಬ ಮಾತು ಬಂದಾಗ ಆ ನಾಲ್ಕು ಸಾಲೇ ಆಧಾರ.

ಇದೇ ದಾರಿಯಲ್ಲಿ ಬರುವ ವಂಚಕರು

2019ರ ಫೆಬ್ರುವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್, ಎನಿಡೆಸ್ಕ್ ಹಾಕಿಸಿ ಮೊಬೈಲಿನಿಂದ ಯುಪಿಐ ಮೂಲಕ ಹಣ ಲಪಟಾಯಿಸುವ ವಂಚನೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತು. ತಂತ್ರಾಂಶದಲ್ಲಿ ದೋಷವಿರಲಿಲ್ಲ, ಜನರ ನಂಬಿಕೆಯನ್ನು ಬಳಸಿಕೊಳ್ಳಲಾಗಿತ್ತು. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ವಿವರಿಸಿದ ಪ್ರಕರಣ ನಮ್ಮ ಕೆಲಸಕ್ಕೆ ಇನ್ನೂ ಹತ್ತಿರದ್ದು. ದಾಳಿಕೋರರು ಮೊದಲು ಒಬ್ಬರ ಇಮೇಲ್‌ಗೆ ರಾಶಿ ರಾಶಿ ಬೇಡದ ಪತ್ರಗಳು ಬರುವಂತೆ ಮಾಡುತ್ತಾರೆ. ಆಮೇಲೆ “ನಾವು ನಿಮ್ಮ ಹೆಲ್ಪ್‌ಡೆಸ್ಕ್‌ನವರು, ಇಮೇಲ್ ತೊಂದರೆ ಸರಿಪಡಿಸುತ್ತೇವೆ” ಎಂದು ಕರೆ ಮಾಡಿ, ಕ್ವಿಕ್ ಅಸಿಸ್ಟ್ ತೆರೆಸಿ, ಸಂಕೇತ ಹಾಕಿಸುತ್ತಾರೆ. ಅಲ್ಲಿಂದ ‘ಬ್ಲ್ಯಾಕ್ ಬಾಸ್ತಾ’ ಎಂಬ, ಕಡತಗಳನ್ನು ಒತ್ತೆಯಿಡುವ ತಂತ್ರಾಂಶದವರೆಗೆ ದಾರಿ ತೆರೆದಿತ್ತು. ನಾವು ಹೇಳುವ ಮಾತುಗಳನ್ನೇ ಅವರು ಹೇಳುತ್ತಾರೆ, ನಾವು ಒತ್ತಿಸುವ ಕೀಲಿಗಳನ್ನೇ ಒತ್ತಿಸುತ್ತಾರೆ. ಹೆಲ್ಪ್‌ಡೆಸ್ಕ್ ಎಂದೂ ತಾನಾಗಿ ಕರೆ ಮಾಡಿ ತಕ್ಷಣ ಒಪ್ಪಿಗೆ ಕೇಳುವುದಿಲ್ಲ ಎಂಬುದನ್ನು ಸಿಬ್ಬಂದಿಗೆ ಮೇಲಿಂದ ಮೇಲೆ ಹೇಳಬೇಕು; ಹೇಳಿದ ಹಾಗೆ ನಾವೂ ನಡೆದುಕೊಳ್ಳಬೇಕು. ನಿಮ್ಮ ಸಂಸ್ಥೆ ಕ್ವಿಕ್ ಅಸಿಸ್ಟ್ ಬಳಸುವುದಿಲ್ಲವಾದರೆ ಅದನ್ನು ಎಲ್ಲ ಯಂತ್ರಗಳಿಂದ ತೆಗೆದುಬಿಡಿ.

ಯಾರಾದರೂ ಈಗಾಗಲೇ ಅಪರಿಚಿತರಿಗೆ ಪ್ರವೇಶ ಕೊಟ್ಟುಬಿಟ್ಟಿದ್ದರೆ ಬೈಯುತ್ತಾ ಕೂರಬೇಡಿ. ಬೈದರೆ ಮುಂದಿನವರು ಹೇಳದೆ ಮುಚ್ಚಿಡುತ್ತಾರೆ. ತಕ್ಷಣ ನೆಟ್ ಕೇಬಲ್ ಕೀಳಿಸಿ, ವೈಫೈ ಆಫ್ ಮಾಡಿಸಿ. ಯಂತ್ರವನ್ನು ಹಾಗೆಯೇ ಬಿಡಲಿ, ಏನನ್ನೂ ಅಳಿಸುವುದು ಬೇಡ. ಹಣ ಹೋಗಿದ್ದರೆ, ಹೋಗಿರಬಹುದೆಂಬ ಅನುಮಾನವಿದ್ದರೂ, ಬ್ಯಾಂಕಿಗೆ ಮತ್ತು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಕರೆ ಮಾಡಿಸಿ. ಮೊದಲ ಒಂದೆರಡು ಗಂಟೆಗಳಲ್ಲಿ ದೂರು ಕೊಟ್ಟರೆ ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು. ಬೇರೊಂದು ಯಂತ್ರದಿಂದ ಇಮೇಲ್ ಪಾಸ್‌ವರ್ಡ್ ಮೊದಲು, ನಂತರ ಬ್ಯಾಂಕ್ ಮತ್ತು ಕಚೇರಿಯ ಪಾಸ್‌ವರ್ಡ್‌ಗಳನ್ನು ಬದಲಿಸಿ. ಸಂಸ್ಥೆಯ ವ್ಯವಸ್ಥೆಗೆ ಧಕ್ಕೆಯಾಗಿದ್ದರೆ ವಿಷಯ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು. ತನಿಖೆಗೆ ಬೇಕಾದ ಪ್ರತಿ ತೆಗೆದಿಟ್ಟು, ವಿಂಡೋಸ್ ಹೊಸದಾಗಿ ಹಾಕಿದ ಮೇಲಷ್ಟೇ ಆ ಕಂಪ್ಯೂಟರನ್ನು ಮತ್ತೆ ಕೆಲಸಕ್ಕೆ ಕೊಡಿ.